ಕಾರಿನೊಳಗಿನ ಕೆರೆ

ಮಳೆಯನ್ನು ಬೈಯುವ ಹಕ್ಕು ಮಲೆನಾಡಿನವರಿಗೆ ಉಂಟು; ನಮಗಿಲ್ಲ. ನಾವು ಚಿತ್ರದುರ್ಗದವರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಹನ್ನೆರಡು ತಿಂಗಳಿಗೂ ಹೊಂದಿಸಿಕೊಂಡು ಬಾಳುವ ಜನ. ಆಗುಂಬೆಯವರು ಅಷ್ಟನ್ನು ಜುಲೈ ತಿಂಗಳ ಒಂದೆರಡು ವಾರದಲ್ಲೇ ಖರ್ಚು ಮಾಡಿಬಿಟ್ಟಾರು. ನಮ್ಮಲ್ಲಿ ಮೋಡ ಕವಿದರೆ, ಮಾಳಿಗೆಯ ಮೇಲಿನ ಸಂಡಿಗೆಯನ್ನು ಒಳಗೆ ತರಲು ಓಡುವ ಹೆಂಗಸರು ಕೂಡ ಒಮ್ಮೆ ನಿಂತು ಆಕಾಶಕ್ಕೆ ಕೈಮುಗಿದೇ ಓಡುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಾನು 2022ನೆಯ ಇಸವಿಯಲ್ಲಿ ನಾಲ್ಕು ತಿಂಗಳ ಕಾಲ ಮಳೆಗೆ ಹಿಡಿಶಾಪ ಹಾಕಿದೆ ಎಂದರೆ ಅದಕ್ಕೆ ತಕ್ಕ ಕಾರಣವಿರಬೇಕಷ್ಟೆ. ಕಾರಣ ಇದು: ನಮ್ಮ ಕಾರಿನೊಳಗೆ ಒಂದು ಕೆರೆ ಹುಟ್ಟಿಕೊಂಡಿತ್ತು.

ಕಾರು ಚಿಕ್ಕದು. 2012ರಲ್ಲಿ ನಮ್ಮ ತಂದೆಯವರು ಕೊಂಡದ್ದು. ಹೆಸರಿಗೆ ಮನೆಯ ಕಾರು, ನಿಜವಾಗಿ ಅವರ ಕಾರು. ಸಣ್ಣ ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕೆರೆಗಳ ಏರಿಗಳ ಮೇಲೆ ಮೊದಲು ಸೈಕಲ್ಲಿನಲ್ಲಿಯೂ ಆಮೇಲೆ ಜೀಪಿನಲ್ಲಿಯೂ ತಿರುಗಿದವರು ಅವರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿಯೂ ಪ್ರತಿ ಶುಕ್ರವಾರ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ನಲವತ್ತು ಕಿಲೋಮೀಟರಿನಾಚೆಯ ಹಿರಿಯೂರಿನ ತೆಂಗಿನ ತೋಟಕ್ಕೆ ಹೋಗುವರು. ಅಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನ ಹತ್ತು ಎಳನೀರು, ಒಂದು ಕ್ಯಾನು ಬಾವಿ ನೀರು ತರುವರು. ಆ ನೀರಿಲ್ಲದೆ ಹಾಕಿದ ಕಾಫಿ ಅವರ ಲೆಕ್ಕದಲ್ಲಿ ಕಷಾಯ. ಕ್ಯಾನು ಇಡುವ ಜಾಗ, ಮುಂದಿನ ಎಡಗಡೆ ಆಸನದ ಕಾಲ ಬಳಿ.

ಮೇ ತಿಂಗಳ ಒಂದು ಬೆಳಿಗ್ಗೆ ಸರಿಯಾಗಿ ಆ ಜಾಗದಲ್ಲೇ ಮ್ಯಾಟು ಒದ್ದೆಯಾಗಿತ್ತು.

"ಅಪ್ಪಾ, ಕ್ಯಾನಿನ ಮುಚ್ಚಳ ಬಿಗಿ ಮಾಡಿರಲಿಲ್ಲವೇನೋ," ಎಂದೆ.

"ಮಾಡಿದ್ದೆ," ಎಂದರು.

ಮಾತು ಅಲ್ಲಿಗೆ ಮುಗಿಯಿತು. ಆದರೆ ನೀರು ಮುಗಿಯಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬಂದಿತು. ಜೂನಿನಲ್ಲಿ ಎರಡು ಸಲ ಬಂದಿತು. ಅದರ ಹಿಂದೆಯೇ ವಾಸನೆ ಬಂದಿತು. ನೆನೆದ ಗೋಣಿಚೀಲವನ್ನು ಮೂಲೆಯಲ್ಲಿ ಮರೆತರೆ ಏಳುತ್ತದಲ್ಲ, ಆ ಮುಗ್ಗಲು ವಾಸನೆ. ಮ್ಯಾಟಿನ ಕೆಳಗೆ ಹಾಸಿರುವ ಕಾರ್ಪೆಟ್ಟಿಗೆ ಅಡಿಯಲ್ಲಿ ಬೆರಳುದಪ್ಪದ ಸ್ಪಂಜು ಇರುತ್ತದೆ. ಅದು ಲೀಟರುಗಟ್ಟಲೆ ನೀರು ಕುಡಿದು, ಮೇಲೆ ಒಣಗಿದಂತೆ ನಟಿಸಬಲ್ಲದು. ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ಆಸನದಡಿ ಹಾದುಹೋಗುವ ತಂತಿಗಳ ಬೆಸುಗೆಗಳಲ್ಲಿ ಹಸಿರು ಕಿಲುಬು ಏಳುತ್ತದೆ. ಅಲ್ಲಿಂದ ಮುಂದಕ್ಕೆ ಕಾರಿನ ಯಾವ ದೀಪ ಯಾವಾಗ ಹತ್ತುತ್ತದೆ ಎಂಬುದು ಜ್ಯೋತಿಷಿಗಳ ವಿಷಯ.

ದುರ್ಗದಲ್ಲಿ ಹುಟ್ಟಿದವನಿಗೆ ಕಿಂಡಿಯ ಭಯ ರಕ್ತದಲ್ಲಿಯೇ ಇರುತ್ತದೆ. ಏಳು ಸುತ್ತಿನ ಕೋಟೆಯನ್ನು ಎದುರಿನಿಂದ ಗೆಲ್ಲಲಾಗದ ಹೈದರಾಲಿಯ ಸೈನಿಕರು ಒಂದು ಕಿಂಡಿಯಲ್ಲಿ ನುಸುಳಿದ ಕತೆಯನ್ನು ಇಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿರುತ್ತಾರೆ. ಅದನ್ನು ಕಂಡುಹಿಡಿದ ಓಬವ್ವ ಆಗ ಹೋಗಿದ್ದದ್ದೂ ನೀರು ತರುವುದಕ್ಕೇ. ಹೀಗಾಗಿ ನೀರು ಒಳಗೆ ಬಂದಿದೆ ಎಂದರೆ ಎಲ್ಲಿಯೋ ಒಂದು ಕಿಂಡಿ ಇದೆ, ಅದನ್ನು ಹುಡುಕಿ ಮುಚ್ಚಬೇಕು ಎಂದು ನಾನು ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಒನಕೆಯ ಬದಲು ನಾನು ಹಣದ ಚೀಲ ಹಿಡಿದು ಹೊರಟೆ.

ಮೊದಲ ವೈದ್ಯರು ಚಿತ್ರದುರ್ಗದಲ್ಲೇ ಸಿಕ್ಕರು. ಒದ್ದೆಯಾದ ಜಾಗವನ್ನು ಮುಟ್ಟಿ, ಬೆರಳನ್ನು ಮೂಸಿ ನೋಡಿದರು. ಸಿಹಿಯಾದ ವಾಸನೆ ಬಂದು, ಬೆರಳಿಗೆ ಜಿಡ್ಡು ಹತ್ತಿದರೆ ಅದು ಎಂಜಿನ್ನನ್ನು ತಂಪು ಮಾಡುವ ದ್ರವ. ಆಗ ಖರ್ಚು ದೊಡ್ಡದು. ಇದು ಬರೀ ನೀರು. "ಎ.ಸಿ. ನೀರು ಸಾರ್," ಎಂದರು. ಅವರು ವಿವರಿಸಿದ್ದು ಸೊಗಸಾಗಿತ್ತು: ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ ಎ.ಸಿ.ಯ ತಣ್ಣನೆಯ ಸುರುಳಿಯೂ ಬೆವರುತ್ತದೆ. ಆ ಬೆವರು ಒಂದು ಸಣ್ಣ ಕೊಳವೆಯಲ್ಲಿ ಹೊರಗೆ ಹೋಗಬೇಕು. ಕೊಳವೆ ಕಟ್ಟಿದರೆ ಎಡಗಡೆ ಕಾಲಿನ ಬಳಿ ಸುರಿಯುತ್ತದೆ. ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಹೊಟ್ಟೆಯಡಿ ನೀರು ತೊಟ್ಟಿಕ್ಕುತ್ತಿದ್ದರೆ ಅದು ಆರೋಗ್ಯದ ಲಕ್ಷಣ, ತೊಟ್ಟಿಕ್ಕದಿದ್ದರೆ ರೋಗ. ಕೊಳವೆಗೆ ಗಾಳಿ ಹೊಡೆದರು. ನಮ್ಮ ಕಾರೂ ಆರೋಗ್ಯವಾಗಿ ತೊಟ್ಟಿಕ್ಕಿತು. ಮುಂದಿನ ಮಳೆಗೆ ಒಳಗೂ ಕೆರೆ ತುಂಬಿತು. ಎ.ಸಿ. ಹಾಕದೆ ಎಂಟು ದಿನವಾಗಿತ್ತು!

ಎರಡನೆಯ ವೈದ್ಯರು ಹೊಳಲ್ಕೆರೆಯವರು. ಅಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋಗಿ ಇಳಿಯುವ ಹೊತ್ತಿಗೆ ನೀರು ಮುಂದಿನ ಕಾಲಡಿಯಿಂದ ಹಿಂದಿನ ಕಾಲಡಿಗೆ ಸರಿದಿತ್ತು; ನನ್ನ ಮಗನ ಹೊಸ ಚಪ್ಪಲಿ ಅದರಲ್ಲಿ ತೇಲುವ ಸ್ಥಿತಿಯಲ್ಲಿತ್ತು. ಇದನ್ನು ಕಂಡ ವೈದ್ಯರು ಹಿಂದಿನ ಬಾಗಿಲನ್ನು ಹಿಡಿದರು. ಬಾಗಿಲ ಚೌಕಟ್ಟಿನ ರಬ್ಬರಿಗೂ ಬಾಗಿಲಿಗೂ ನಡುವೆ ಒಂದು ಕಾಗದದ ಚೂರು ಇಟ್ಟು, ಬಾಗಿಲು ಮುಚ್ಚಿ ಎಳೆದರು; ಬಿಗಿಯಾಗಿ ಬಂದರೆ ರಬ್ಬರು ಸರಿ, ಸರಾಗವಾಗಿ ಜಾರಿದರೆ ಅಲ್ಲಿ ಸಂದು. ರಬ್ಬರು ಸರಿಯಾಗಿತ್ತು. ಆಗ ಬಾಗಿಲಿನ ಒಳಹಲಗೆ ಬಿಚ್ಚಿ ನನಗೊಂದು ರಹಸ್ಯ ತೋರಿಸಿದರು. ಕಿಟಕಿಯ ಗಾಜಿನ ಮೇಲೆ ಬಿದ್ದ ಮಳೆ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿದೇ ಇಳಿಯುತ್ತದೆ. ಅದು ದೋಷವಲ್ಲ, ಮಾಡಿರುವುದೇ ಹಾಗೆ. ಒಂದು ಪ್ಲಾಸ್ಟಿಕ್ ಹಾಳೆ ಅದನ್ನು ನಮ್ಮ ಕಡೆಗೆ ಬರದಂತೆ ತಡೆಯುತ್ತದೆ. ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳು ಅದನ್ನು ಹೊರಗೆ ಬಿಡುತ್ತವೆ. ಹಾಳೆಯ ಅಂಚು ಒಂದು ಕಡೆ ಬಿಟ್ಟಿತ್ತು, ಅಂಟಿಸಿದರು. ನಾನು ಬಯಲು ಗಣಪತಿಗೆ ಒಂದು ಕಾಯಿ ಒಡೆಸಿ, ಚಾವಣಿಯ ಗೊಡವೆಯೇ ಬೇಡವೆಂದು ಬಯಲಲ್ಲಿ ಕೂತ ದೇವರ ಜಾಣತನವನ್ನು ಮೆಚ್ಚಿಕೊಂಡು ಊರಿಗೆ ಮರಳಿದೆ. ಮುಂದಿನ ಮಳೆಗೆ ಕೆರೆ ಮತ್ತೆ ತುಂಬಿತು.

ಮೂರನೆಯವರು ಹೊಸದುರ್ಗದವರು, ನನ್ನ ಮಾವನವರಿಗೆ ಬೇಕಾದವರು. ಅವರು ಮುಂದಿನ ದೊಡ್ಡ ಗಾಜಿನ ಅಂಟು ಹಳೆಯದಾಗಿದೆ ಎಂದು, ಸುತ್ತಲೂ ಕಪ್ಪು ಅಂಟಿನ ದಪ್ಪ ಗೆರೆ ಎಳೆದರು. ಕಾರಿಗೆ ಕಣ್ಣುಕಪ್ಪು ಹಚ್ಚಿದಂತೆ ಕಂಡಿತು. ಅಂಟಿನ ಕೊಳವೆಯಲ್ಲಿ ಅರ್ಧ ಉಳಿದಿತ್ತು. ಹಣ ಕೊಟ್ಟ ವಸ್ತು ವ್ಯರ್ಥವಾಗಬಾರದೆಂದು ನಾನು ಮನೆಗೆ ಬಂದು, ಕಂಡಕಂಡ ಕಿಂಡಿಗಳನ್ನೆಲ್ಲ ಮುಚ್ಚಿದೆ. ಹೊಳಲ್ಕೆರೆಯವರು ಅಷ್ಟು ಬಿಡಿಸಿ ಹೇಳಿದ್ದರೂ ಬಾಗಿಲಿನ ತಳದ ಆ ತೂತುಗಳನ್ನೂ ಬಿಡಲಿಲ್ಲ. ಫಲವೇನಾಯಿತೆಂದರೆ, ಮಾರನೆಯ ಮಳೆ ಕಳೆದು ಕಾರು ಹೊರಟಾಗ ನಾಲ್ಕು ಬಾಗಿಲುಗಳೂ ತುಂಬಿದ ಕೊಡಗಳಂತೆ ಗುಳುಗುಳು ಎನ್ನತೊಡಗಿದವು. ಕೂದಲಿಗೆ ಹಾಕುವ ಪಿನ್ನಿನಿಂದ ನನ್ನ ಹೆಂಡತಿ ಆ ತೂತುಗಳನ್ನು ಬಿಡಿಸಿಕೊಟ್ಟಳು. ಏನೂ ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅಷ್ಟಾದರೂ ಎಡಗಡೆ ಕಾಲಡಿಯಲ್ಲಿ ನೀರು ಇದ್ದೇ ಇತ್ತು.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಕಾರಿನಲ್ಲಿ ಇನ್ನು ಮುಚ್ಚದ ಕಿಂಡಿ ಒಂದೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಮನಸ್ಸು ಬೇರೆ ಕಿಂಡಿಯನ್ನು ಹುಡುಕಿತು. ತಂದೆಯವರಿಗೆ ಈಚೆಗೆ ಮರೆವು ಹೆಚ್ಚಾಗಿದೆಯಲ್ಲವೆ? ಮೊನ್ನೆ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಲಿಲ್ಲವೆ? ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿ ಮರೆತು ಬರುತ್ತಿರಬೇಕು. ತಂಗಿ ಫೋನಿನಲ್ಲಿ, "ಅಣ್ಣಾ, ಇವತ್ತು ಕಿಟಕಿ ಮರೆತವರು ನಾಳೆ ಹೆದ್ದಾರಿಯಲ್ಲಿ ಬ್ರೇಕು ಮರೆತರೆ?" ಎಂದಳು. ಮಾತು ನ್ಯಾಯವಾಗಿಯೇ ಇತ್ತು. ಆಗಸ್ಟ್ ನಡುವಿನಲ್ಲಿ ಒಂದು ಸಂಜೆ, ನಾನು ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಕೋಣೆಯ ಬೀರುವಿನಲ್ಲಿಟ್ಟೆ. ಬರುವ ಶುಕ್ರವಾರ ತಂದೆಯವರು ಬಂದು ಮೊಳೆಯನ್ನು ನೋಡಿದರು. ಕೇಳಲಿಲ್ಲ. ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಹೋದರು. ಆ ವಾರ ಬಾವಿ ನೀರು ಬರಲಿಲ್ಲ. ಮನೆಯವರೆಲ್ಲ ಕಷಾಯ ಕುಡಿದೆವು.

ಇಷ್ಟರಲ್ಲಿ ಜಿಲ್ಲೆಗೆ ಜಿಲ್ಲೆಯೇ ಸಂಭ್ರಮಿಸುವ ಒಂದು ಸುದ್ದಿ ಬಂದಿತು. ಸೆಪ್ಟೆಂಬರ್ ಮೊದಲಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮವರ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿಗೆ ಎರಡು ಗುಡ್ಡಗಳ ನಡುವೆ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಕಟ್ಟೆ. 130 ಅಡಿಗೆ ನೀರು ಏರಿದರೆ ತುಂಬಿದಂತೆ. ಅದು ಹಾಗೆ ತುಂಬಿ ಹರಿದದ್ದು 1933ರಲ್ಲಿ ಒಮ್ಮೆ. ಆಮೇಲೆ ಎಂಬತ್ತೊಂಬತ್ತು ವರ್ಷ ಇಲ್ಲ. ಅಂದಿನ ಕೋಡಿಯನ್ನು ನಮ್ಮ ಅಜ್ಜ ಗಾಡಿ ಕಟ್ಟಿಕೊಂಡು ಹೋಗಿ ನೋಡಿದ್ದರಂತೆ. ತಂದೆಯವರು ಜನ್ಮವೆಲ್ಲ ನೀರಾವರಿ ಕೆಲಸದಲ್ಲೇ ಕಳೆದರೂ ಕಂಡಿರಲಿಲ್ಲ.

"ಭಾನುವಾರ ನಿನಗೆ ಪುರಸೊತ್ತಿದ್ದರೆ ಒಮ್ಮೆ ಕರೆದುಕೊಂಡು ಹೋಗ್ತೀಯಾ?" ಎಂದು ಕೇಳಿದರು. ಇಡೀ ಜಿಲ್ಲೆಯ ದಾರಿಗಳನ್ನು ನನಗೆ ತೋರಿಸಿಕೊಟ್ಟವರು ಕೇಳಿದ ರೀತಿ ಅದು.

ಹೋದೆವು. ಜಾತ್ರೆಯಷ್ಟು ಜನ. ಮುದುಕರು, ಬಾಣಂತಿಯರು, ಶಾಲೆಯ ಮಕ್ಕಳು, ಎಲ್ಲರೂ ನೀರು ನೋಡಲು ಬಂದವರು. ನೀರು ನೋಡಲು ಅಷ್ಟು ದೂರ ಬರುವವರು ನಮ್ಮ ಸೀಮೆಯವರೇ ಇರಬೇಕು. ತಂದೆಯವರು ಬಹಳ ಹೊತ್ತು ಮಾತಾಡದೆ ನಿಂತಿದ್ದು, ಕಡೆಗೆ, "ಜನ ಏರಿಯನ್ನು ಹೊಗಳುತ್ತಾರೆ," ಎಂದರು. "ಕೆರೆಯನ್ನು ಕಾಯುವುದು ಏರಿ ಅಲ್ಲಪ್ಪಾ, ಕೋಡಿ. ನನ್ನ ಸರ್ವಿಸಿನಲ್ಲಿ ಒಡೆದ ಕೆರೆಗಳಲ್ಲಿ ಏರಿ ದುರ್ಬಲವಾಗಿ ಒಡೆದದ್ದು ಕಡಿಮೆ. ಕೋಡಿಗೆ ಮುಳ್ಳು, ಮಣ್ಣು ತುಂಬಿಕೊಂಡು, ಹೋಗೋ ನೀರಿಗೆ ದಾರಿ ಇಲ್ಲದೆ ಒಡೆದದ್ದೇ ಹೆಚ್ಚು. ಏರಿ ಎತ್ತರಿಸಿ ಎತ್ತರಿಸಿ ಕೆರೆ ಒಡೆಸಿಕೊಂಡವರನ್ನು ನೋಡಿದ್ದೇನೆ."

ನಾನು ಹ್ಞೂಗುಟ್ಟಿದೆ. ಹಿಂದಿರುಗುವಾಗ ಹಿರಿಯೂರಿನ ಹತ್ತಿರ, "ಇಲ್ಲಿ ಸ್ವಲ್ಪ ನಿಲ್ಲಿಸು," ಎಂದರು. ರಸ್ತೆ ಬದಿಯ ಒಂದು ತಗಡಿನ ಶೆಡ್ಡು. ಇಲಾಖೆಯ ಜೀಪುಗಳನ್ನು ಹಿಂದೆ ರಿಪೇರಿ ಮಾಡುತ್ತಿದ್ದ ಮುದುಕ ಮೇಸ್ತ್ರಿ. ಭಾನುವಾರವಾದರೂ ಬಾಗಿಲು ತೆರೆದಿತ್ತು. "ಬನ್ನಿ ಸ್ವಾಮಿ, ಕೋಡಿ ನೋಡಿ ಬಂದಿರಾ?" ಎಂದು ಎದ್ದು ನಿಂತರು. ತಂದೆಯವರು ಕುಶಲ ವಿಚಾರಿಸಿ, ಜೇಬಿನಿಂದ ಒಂದು ಚಿಕ್ಕ ಡೈರಿ ತೆಗೆದು ಅವರ ಕೈಗೆ ಕೊಟ್ಟರು. ಮೇಸ್ತ್ರಿಗೆ ಕನ್ನಡಕವಿರಲಿಲ್ಲ. ಡೈರಿ ನನ್ನ ಕೈಗೆ ಬಂದಿತು. ನಾನೇ ಗಟ್ಟಿಯಾಗಿ ಓದಬೇಕಾಯಿತು.

"ಆಗಸ್ಟ್ 4. ದುರ್ಗ. ರಾತ್ರಿ ಮಳೆ. ಕಿಟಕಿ ನಾಲ್ಕೂ ಮುಚ್ಚಿದೆ. ಬೆಳಿಗ್ಗೆ ಎಡಗಡೆ ನೀರು, ಸುಮಾರು ಎರಡು ಲೋಟ. ಪೇಪರು ಹಾಸಿ ಒಣಗಿಸಿದೆ.

"ಆಗಸ್ಟ್ 5. ಹಿರಿಯೂರು. ರಾತ್ರಿ ಮಳೆ ಜೋರು. ಕಾರು ತೋಟದ ಅಂಗಳದಲ್ಲಿ, ಬಯಲಿಗೆ. ನೀರಿಲ್ಲ.

"ಆಗಸ್ಟ್ 9. ದುರ್ಗ. ಮಳೆ. ಕ್ಯಾನು ಇಟ್ಟಿರಲಿಲ್ಲ. ಕಿಟಕಿ ಮುಚ್ಚಿದೆ. ಎರಡು ಸಲ ನೋಡಿದೆ. ಬೆಳಿಗ್ಗೆ ನೀರು.

"ಆಗಸ್ಟ್ 12. ಹಿರಿಯೂರು. ಮಳೆ. ನೀರಿಲ್ಲ.

"ಆಗಸ್ಟ್ 14. ದುರ್ಗ. ಮಳೆ. ಕಿಟಕಿ ಮುಚ್ಚಿದೆ. ಮೂರು ಸಲ ನೋಡಿದೆ. ನೀರು."

ನನ್ನ ಧ್ವನಿ ಇಳಿಯಿತು. ಮೂರು ಸಲ! ನಾವು ಅವರನ್ನು ಶಂಕಿಸುವ ಮೊದಲೇ ಅವರು ತಮ್ಮನ್ನು ತಾವು ಶಂಕಿಸಿಕೊಂಡಿದ್ದರು. ಆಮೇಲಿನ ಪುಟದಲ್ಲಿ ಹೀಗಿತ್ತು:

"ಆಗಸ್ಟ್ 28. ದುರ್ಗ. ರಾತ್ರಿ ಮಳೆ. ಬೀಗದ ಕೈ ನನ್ನ ಹತ್ತಿರ ಇಲ್ಲ. ಹೊರಗಿನಿಂದ ಗಾಜಿನಲ್ಲಿ ನೋಡಿದೆ. ಕಿಟಕಿ ಎಲ್ಲ ಮುಚ್ಚಿವೆ. ನೀರು ಇದೆ."

ಬೀಗದ ಕೈ ನನ್ನ ಬೀರುವಿನಲ್ಲಿದ್ದ ಆ ಎರಡು ವಾರ ನಾನು ಕಾರಿನ ಕಡೆ ತಿರುಗಿಯೂ ನೋಡಿರಲಿಲ್ಲ. ರೋಗದ ಮೂಲವನ್ನು ಕಂಡುಹಿಡಿದೆನೆಂಬ ನೆಮ್ಮದಿಯಲ್ಲಿದ್ದೆ.

ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ದುರ್ಗದಲ್ಲಿ ಗಾಡಿ ಎಲ್ಲಿ ನಿಲ್ಲಿಸ್ತೀರಿ?" ಮನೆಯ ಮುಂದಿನ ಹೊಂಗೆಮರದ ಕೆಳಗೆ. ಇಳಿಜಾರು ಬೀದಿ, ಎಡಗಡೆಯ ಗಾಲಿಗಳು ಚರಂಡಿಯ ಕಡೆ ತಗ್ಗಿನಲ್ಲಿ. ಮುದುಕರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಒಂದು ನಲ್ಲಿಯ ಪೈಪು ತಂದರು. ನನ್ನನ್ನು ಬ್ಯಾಟರಿ ದೀಪದೊಡನೆ ಕಾರಿನೊಳಗೆ ಮುದುರಿ ಮಲಗಿಸಿದರು. ಎಡಗಡೆ ಕೊರಳು ತಗ್ಗುವಂತೆ ಬಲಗಡೆಯ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿದರು. ನೀರು ಬಿಡುವುದಕ್ಕೂ ಒಂದು ಕ್ರಮವುಂಟು: ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದೈದು ನಿಮಿಷ, ನಿಧಾನವಾಗಿ. ಮೊದಲೇ ಮಾಳಿಗೆಯ ಮೇಲೆ ಸುರಿದರೆ ನೀರು ಎಲ್ಲ ಕಡೆಗೂ ಹರಿದು, ಯಾವ ಸಂದಿನಿಂದ ಬಂದಿತೆಂದು ತಿಳಿಯುವುದಿಲ್ಲ. ಬಾಗಿಲ ತಳ, ಒಳಗೆ ಒಣಗಿತ್ತು. ಬಾಗಿಲ ರಬ್ಬರು, ಒಣಗಿತ್ತು. ಗಾಜಿನ ಬುಡದಲ್ಲಿ, ವೈಪರ್ ಕಡ್ಡಿಗಳ ಕೆಳಗಿರುವ ಕಪ್ಪು ಜಾಲರಿಯ ಮೇಲೆ ನೀರು ಬಿಟ್ಟು ಎರಡು ನಿಮಿಷವಾಗಿರಲಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದಿನಿಂದ, ಒಳಗೆ ಗಾಳಿ ಬೀಸುವ ಫ್ಯಾನಿನ ಕಡೆಯಿಂದ ತೊಟತೊಟನೆ ನನ್ನ ಮೂಗಿನ ಮೇಲೇ ಬಿತ್ತು.

ಜಾಲರಿ ಬಿಚ್ಚಿದರು. ಕೆಳಗೆ ತಗಡಿನ ಒಂದು ಉದ್ದನೆಯ ಕಾಲುವೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅದಕ್ಕೇ ಇಳಿಯುವುದು. ಎರಡು ತುದಿಗಳಲ್ಲೂ ಅದನ್ನು ಹೊರಹಾಕಲು ಒಂದೊಂದು ತೂತು. ಒಳಗೆ ಗಾಳಿ ಹೋಗುವ ಬಾಯಿಯೂ ಅದೇ ಕಾಲುವೆಯ ಎಡಭಾಗದಲ್ಲಿ. ಬಲಗಡೆಯ ತೂತು ತೆರೆದಿತ್ತು. ಎಡಗಡೆಯ ತೂತು ಕಾಣಲೇ ಇಲ್ಲ. ಬೇಸಿಗೆಯ ಹೊಂಗೆ ಹೂವು, ಎಲೆ, ದುರ್ಗದ ಕೆಂಧೂಳು ಸೇರಿ ಗಟ್ಟಿಯಾಗಿ ಕೂತಿದ್ದವು. ಹಿರಿಯೂರಿನ ಸಮತಟ್ಟಾದ ಅಂಗಳದಲ್ಲಿ ನೀರು ಬಲಗಡೆ ಹರಿದುಹೋಗುತ್ತಿತ್ತು. ದುರ್ಗದ ಬೀದಿಯಲ್ಲಿ ಎಡಕ್ಕೆ ವಾಲಿ ನಿಂತಾಗ ಹೋಗಲು ದಾರಿಯಿಲ್ಲದೆ ಮೇಲೇರಿ, ಗಾಳಿಯ ಬಾಯಿಯಲ್ಲಿ ಒಳಗೆ ಇಳಿಯುತ್ತಿತ್ತು. ಇಳಿದದ್ದು ಸ್ಪಂಜಿನೊಳಗೆ ಅಡಗಿ, ರಸ್ತೆ ಏರಿದಾಗ ಹಿಂದಕ್ಕೂ ಇಳಿದಾಗ ಮುಂದಕ್ಕೂ ಸರಿದು, ಊರಿಗೊಂದು ರೋಗವಾಗಿ ಕಾಣಿಸಿಕೊಳ್ಳುತ್ತಿತ್ತು.

ತಂದೆಯವರು ಬಗ್ಗಿ ನೋಡಿದರು. "ಹೂಳು," ಎಂದರು. ಅಷ್ಟೇ.

ಮೇಸ್ತ್ರಿ ಒಂದು ತಂತಿಯಿಂದ ಅದನ್ನು ಕೆದಕಿ ತೆಗೆದರು. ನೀರು ಬಿಟ್ಟಾಗ ಮುಂದಿನ ಗಾಲಿಯ ಹಿಂದೆ ಕೆಂಪು ನೀರು ಭರ್ರನೆ ಸುರಿಯಿತು. ನಮ್ಮ ಕಾರೂ ಕೋಡಿ ಬಿತ್ತು! ಗಾಳಿ ಸೋಸುವ ಕಾಗದದ ಜಾಲರಿ ಕೊಳೆತಿತ್ತು, ಹೊಸದು ಹಾಕಿದರು. ಆಸನ ಬಿಚ್ಚಿ, ಕಾರ್ಪೆಟ್ಟನ್ನೂ ಸ್ಪಂಜನ್ನೂ ಎರಡು ದಿನ ಬಿಸಿಲಿಗೆ ಹಾಕಲು ಹೇಳಿದರು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮೂರು ಊರುಗಳಲ್ಲಿ ಕಿಂಡಿ ಮುಚ್ಚಿಸಲು ನಾನು ಕೊಟ್ಟ ಹಣದ ಮುಂದೆ, ಒಂದು ಕಿಂಡಿ ತೆರೆದದ್ದಕ್ಕೆ ಅವರು ಕೇಳಿದ್ದು ಜಾಲರಿಯ ಬೆಲೆ ಮತ್ತು ಒಂದು ಚಹಾ.

ಕೋಟೆಯ ಮೇಲಿನ ಹೊಂಡಗಳು ನೆನಪಾದವು. ಬಂಡೆಗಳ ಮೇಲೆ ಬಿದ್ದ ನೀರು ಒಂದು ಹೊಂಡ ತುಂಬಿ, ಹೆಚ್ಚಾದದ್ದು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಕಿಂಡಿ ಮುಚ್ಚಿ ಶತ್ರುವನ್ನು ತಡೆದ ಜನವೇ, ನೀರಿಗೆ ಮಾತ್ರ ಎಲ್ಲೆಲ್ಲಿಯೂ ದಾರಿ ಬಿಟ್ಟಿದ್ದರು. ನಾನು ಚಿಕ್ಕಂದಿನಿಂದ ಕಲಿತದ್ದು ಮೊದಲನೆಯ ಅರ್ಧ ಪಾಠವನ್ನು ಮಾತ್ರ.

ಶೆಡ್ಡಿನಿಂದ ಹೊರಟಾಗ ಬೀಗದ ಕೈಯನ್ನು ತಂದೆಯವರ ಕಡೆ ಚಾಚಿದೆ. ಏನಾದರೂ ಹೇಳಬೇಕೆಂದುಕೊಂಡೆ; ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಯೂ ಹೂಳು ತುಂಬಿತ್ತೋ ಏನೋ, ಹೊರಗೆ ಬರಲಿಲ್ಲ. ಅವರು ಬೀಗದ ಕೈ ತೆಗೆದುಕೊಂಡು, "ತೋಟದ ಕಡೆ ಒಂದು ಗಳಿಗೆ ಹೋಗಿ ಹೋಗೋಣ. ಎರಡು ವಾರವಾಯಿತು, ಬಾವಿ ನೀರು ಇಲ್ಲ," ಎಂದರು. ಕ್ಯಾನನ್ನು ನನ್ನ ಕಾಲ ಬಳಿ ಇಟ್ಟರು. ಮುಚ್ಚಳವನ್ನು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು.

ಮರುವರ್ಷ, ಸಂಜೆಯ ದೀಪಗಳು ಎರಡೆರಡಾಗಿ ಕಾಣುತ್ತಿವೆ ಎಂದು ಅವರೇ ಬೀಗದ ಕೈಯನ್ನು ನನ್ನ ಮುಂದಿಟ್ಟರು. ಅಂದು ಅದನ್ನು ತೆಗೆದುಕೊಳ್ಳಲು ನನಗೆ ಕಷ್ಟವಾಯಿತು. ಕೊಡಲು ಅವರಿಗೆ ಆಗಲಿಲ್ಲ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿದ್ದಾಗ ನಾನೇ ಕರೆದುಕೊಂಡು ಹೋದೆ. ಹೊಂಗೆಮರ ಹಾಗೆಯೇ ಇದೆ. ಹೂ ಉದುರಿಸುವುದನ್ನು ಅದು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಜಾಲರಿಯ ಮೇಲಿನದನ್ನೆಲ್ಲ ಬಳಿದು, ಒಂದು ಚೊಂಬು ನೀರು ಹುಯ್ದು, ಗಾಲಿಯ ಹಿಂದೆ ಸುರಿಯುತ್ತದೆಯೇ ಎಂದು ನೋಡುತ್ತೇನೆ. ತಂದೆಯವರು ಜಗಲಿಯ ಮೇಲೆ ಕೂತು, "ಎರಡೂ ಕಡೆ ನೋಡಿದೆಯಾ?" ಎನ್ನುತ್ತಾರೆ.

"ನೋಡಿದೆ ಅಪ್ಪಾ," ಎನ್ನುತ್ತೇನೆ. "ಎರಡು ಸಲ."